ಇನ್ವಿಟೇಷನಲ್: ಕರೆದದ್ದು ಯಾರನ್ನ?

ಈ ಒಂದು ಪದಕ್ಕೇ ನಿನ್ನೆ ಅರ್ಧ ಗಂಟೆ ಹೋಯಿತು. ಮರೆಯೋ ಮುಂಚೆ ಬರೆದಿಡುತ್ತಿದ್ದೇನೆ.

ಅರ್ಥ ಸುಲಭ. ಕರೆ ಬಂದವರು ಮಾತ್ರ ಆಡುವ ಸ್ಪರ್ಧೆಗೆ ಇಂಗ್ಲಿಷ್‌ನಲ್ಲಿ ಇನ್ವಿಟೇಷನಲ್ ಅಂತಾರೆ. ಅದು ನಾಮಪದವೂ ಹೌದು. ಗಾಲ್ಫ್‌ನ 'ಆರ್ನಾಲ್ಡ್ ಪಾಮರ್ ಇನ್ವಿಟೇಷನಲ್' ನೋಡಿ, ಮುಂದೆ ಟೂರ್ನಮೆಂಟ್ ಅಂತ ಸೇರಿಸಬೇಕಾಗಿಲ್ಲ. ಇದರ ವಿರುದ್ಧ ಪದ ಓಪನ್.

ನಾನು ಎಡವಿದ್ದು ಮುಂದೆ. ದಾವಣಗೆರೆ ಹೈಸ್ಕೂಲ್ ಮೈದಾನದ ಹತ್ತಿರ ಒಂದು ಬ್ಯಾನರ್ ಕಟ್ಟಿದ್ದರು. ಮೇಲೆ ದಪ್ಪ ಅಕ್ಷರದಲ್ಲಿ 'ಆಹ್ವಾನಿತ ತಂಡಗಳ ಕಬಡ್ಡಿ ಪಂದ್ಯಾವಳಿ'. ಕೆಳಗೆ, ಕೆಂಪು ಪಟ್ಟಿಯಲ್ಲಿ, 'ಸರ್ವರಿಗೂ ಸ್ವಾಗತ'. ಕರೆದವರಿಗೆ ಮಾತ್ರ ಅಂದಮೇಲೆ ಸರ್ವರಿಗೂ ಹೇಗೆ ಸ್ವಾಗತ? ಜೊತೆಗಿದ್ದ ಗೆಳೆಯ ಕಬಡ್ಡಿ ಆಡುವವನು. 'ಲೇ, ಕರೆದಿರೋದು ಟೀಮ್‌ಗಳನ್ನ. ನೋಡೋಕೆ ಯಾರು ಬೇಕಾದ್ರೂ ಬರಬಹುದು' ಅಂದ.

ಅಷ್ಟೇ ವಿಷಯ! ಬಾಗಿಲು ಹಾಕಿರೋದು ಆಡುವವರಿಗೆ, ನೋಡುವವರಿಗಲ್ಲ. ಅಮೆರಿಕದ ಮಾಸ್ಟರ್ಸ್ ಗಾಲ್ಫ್ 1934ರಲ್ಲಿ ಶುರುವಾದಾಗ ಅದರ ಹೆಸರಲ್ಲೇ ಇನ್ವಿಟೇಷನ್ ಅನ್ನೋ ಪದ ಇತ್ತು. ಈಗಲೂ ಅಲ್ಲಿ ಆಡೋಕೆ ಆಹ್ವಾನ ಬೇಕು. ಆದರೆ ಟಿಕೆಟ್ ತಗೊಂಡು ನೋಡೋಕೆ ಸಾವಿರಾರು ಜನ ಬರುತ್ತಾರೆ. ಯುಎಸ್ ಓಪನ್ ಗಾಲ್ಫ್ ಹಾಗಲ್ಲ. ಅಲ್ಲಿ ಹವ್ಯಾಸಿ ಆಟಗಾರ ಕೂಡ ಅರ್ಹತಾ ಸುತ್ತಿನಲ್ಲಿ ಗೆದ್ದು ಒಳಗೆ ಬರಬಹುದು. ಓಪನ್ ಅಂದರೂ ಆಡುವವರಿಗೇ ಓಪನ್, ಅಲ್ವಾ? ಅದಕ್ಕೇ ಪದ ಕಂಡ ಕೂಡಲೇ 'ಕರೆದದ್ದು ಯಾರನ್ನ?' ಅಂತ ಕೇಳಿಕೊಳ್ಳುತ್ತೇನೆ.

ಅನುವಾದಕ್ಕೂ ಇದೇ ಪ್ರಶ್ನೆ ಸಾಕು. ಆಹ್ವಾನಿತ ಅಂದರೆ ಕರೆಸಿಕೊಂಡವರು. ನಾನು ಮೊದಲು 'ಆಹ್ವಾನಿತ ಪಂದ್ಯಾವಳಿ' ಅಂತ ಬರೆದಿದ್ದೆ. ಹಾಗೆ ಬರೆದರೆ ಪಂದ್ಯಾವಳಿಯನ್ನೇ ಯಾರೋ ಕರೆದಂತಾಯಿತು! ಬ್ಯಾನರ್ ಬರೆದವರು 'ತಂಡಗಳ' ಅಂತ ಸೇರಿಸಿ ಅದನ್ನ ಸರಿಯಾಗಿ ಹಿಡಿದಿದ್ದಾರೆ. 'ಆಹ್ವಾನಿತ ಕವಿಗೋಷ್ಠಿ' ರೂಢಿಯಲ್ಲಿದೆ, ತಪ್ಪು ಅನ್ನೋಲ್ಲ. ಆದರೂ ನನಗೆ 'ಆಹ್ವಾನಿತ ಕವಿಗಳ ಗೋಷ್ಠಿ' ಜಾಸ್ತಿ ಇಷ್ಟ.

ಇನ್ನೊಂದು. ಮದುವೆ, ಗೃಹಪ್ರವೇಶಕ್ಕೆ ಇನ್ವಿಟೇಷನಲ್ ಅನ್ನಬೇಡಿ. ಅಲ್ಲಿ ಸ್ಪರ್ಧೆ ಇಲ್ಲ. ಕರೆದವರಷ್ಟೇ ಬರಬೇಕಾದ ಊಟಕ್ಕೋ ಸಭೆಗೋ ಇಂಗ್ಲಿಷ್‌ನಲ್ಲಿ 'ಬೈ ಇನ್ವಿಟೇಷನ್ ಓನ್ಲಿ' ಅಂತ ಬರೆಯುತ್ತಾರೆ. ಕನ್ನಡದಲ್ಲಿ 'ಆಹ್ವಾನಿತರಿಗೆ ಮಾತ್ರ'.