ಕತ್ತರಿಸಿಯೂ ಕೈಬಿಡದ ಕಿಣ್ವಗಳು

ಪದವಿಪೂರ್ವ ತರಗತಿಯ ಜೀವವಿಜ್ಞಾನ ಪುಸ್ತಕಗಳಲ್ಲಿ ವರ್ಣತಂತುಗಳ ಅಡ್ಡಹಾಯುವಿಕೆಯ ಚಿತ್ರವೊಂದು ಸಾಮಾನ್ಯವಾಗಿ ಇರುತ್ತದೆ. ತಂದೆಯಿಂದ ಬಂದ ನೀಲಿ ಪಟ್ಟಿಯೂ ತಾಯಿಯಿಂದ ಬಂದ ಕೆಂಪು ಪಟ್ಟಿಯೂ ಒಂದರ ಮೇಲೊಂದು ಹಾಯ್ದಿರುತ್ತವೆ. ಮುಂದಿನ ಚಿತ್ರದಲ್ಲಿ ನೀಲಿಗೆ ಕೆಂಪು ತುದಿ, ಕೆಂಪಿಗೆ ನೀಲಿ ತುದಿ ಬಂದಿರುತ್ತದೆ. ನಡುವೆ ಏನು ನಡೆಯಿತೆಂಬುದನ್ನು ಒಂದು ಬಾಣದ ಗುರುತು ನುಂಗಿಹಾಕಿರುತ್ತದೆ. ವರ್ಣತಂತುಗಳು ನಿಜಕ್ಕೂ ತಮ್ಮ ತುಂಡುಗಳನ್ನು ಬದಲಿಸಿಕೊಳ್ಳುತ್ತವೆಂದು ಹ್ಯಾರಿಯಟ್ ಕ್ರೈಟನ್ ಮತ್ತು ಬಾರ್ಬರಾ ಮೆಕ್‌ಲಿಂಟಾಕ್ ಮೆಕ್ಕೆಜೋಳದಲ್ಲಿ ಸೂಕ್ಷ್ಮದರ್ಶಕದ ಸಾಕ್ಷ್ಯದೊಂದಿಗೆ ತೋರಿಸಿದ್ದು 1931ರಲ್ಲಿ. ಆ ಬಾಣದೊಳಗೆ ದುಡಿಯುವ ಕಿಣ್ವಗಳ ಆಕಾರವನ್ನು ಪರಮಾಣುಗಳ ಮಟ್ಟದಲ್ಲಿ ಕಾಣಲು ಅಲ್ಲಿಂದ ಮುಂದೆ ಸುಮಾರು ಆರು ದಶಕಗಳು ಬೇಕಾದವು.

ಡಿಎನ್‌ಎಯನ್ನು ಕತ್ತರಿಸುವುದು ಜೀವಕೋಶಕ್ಕೆ ದೊಡ್ಡ ಕೆಲಸವೇನಲ್ಲ. ಎಳೆಯ ಬೆನ್ನೆಲುಬಾದ ಸಕ್ಕರೆ ಮತ್ತು ಫಾಸ್ಫೇಟುಗಳ ಸರಪಳಿಯಲ್ಲಿ ಒಂದು ಕೊಂಡಿಯನ್ನು ನೀರಿನ ಅಣುವೊಂದರ ನೆರವಿನಿಂದ ಬಿಡಿಸಿದರೆ ಆಯಿತು. ಹಾಗೆ ಮಾಡುವ ಕಿಣ್ವಗಳು ಎಷ್ಟೋ ಇವೆ. ಆದರೆ ನೀರಿನಿಂದ ಬಿಡಿಸಿದ ಕೊಂಡಿಯಲ್ಲಿದ್ದ ಶಕ್ತಿ ಸೋರಿಹೋಗುತ್ತದೆ. ಅದನ್ನು ಮತ್ತೆ ಬೆಸೆಯಲು ಲೈಗೇಸ್ ಎಂಬ ಬೇರೊಂದು ಕಿಣ್ವವೂ ಹೊಸ ಶಕ್ತಿಯೂ ಬೇಕಾಗುತ್ತದೆ. ಅಷ್ಟರೊಳಗೆ ತುಂಡಾದ ತುದಿಗಳು ದೂರ ತೇಲಿಹೋಗಬಹುದು, ತುದಿಯನ್ನು ಮೆಲ್ಲುವ ಕಿಣ್ವಗಳ ಬಾಯಿಗೆ ಬೀಳಬಹುದು, ಇಲ್ಲವೇ ತಮ್ಮದಲ್ಲದ ತುದಿಗೆ ಅಂಟಿಕೊಳ್ಳಬಹುದು. ತೆಂಗಿನ ಮರ ಹತ್ತುವವನು ಒಂದು ಕೈಗೆ ಹಿಡಿತ ಸಿಗದೆ ಇನ್ನೊಂದು ಕೈಯನ್ನು ಸಡಿಲಿಸುವುದಿಲ್ಲ. ಹೀಗೆ ಡಿಎನ್‌ಎ ತುಂಡುಗಳನ್ನು ಅದಲುಬದಲಾಗಿಸಿ ಬೆಸೆಯುವ ಕೆಲಸಕ್ಕೆ, ಅಂದರೆ ಪುನಃಸಂಯೋಜನೆಗೆ, ದುಡಿಯುವ ಕಿಣ್ವಗಳನ್ನು ಅರಿಯಲು ಅವು ಏನನ್ನು ಕತ್ತರಿಸುತ್ತವೆ ಎನ್ನುವುದಕ್ಕಿಂತ ಏನನ್ನು ಹಿಡಿದಿರುತ್ತವೆ ಎಂದು ನೋಡುವುದೇ ಸರಿಯಾದ ದಾರಿ ಎಂದು ನನಗನ್ನಿಸುತ್ತದೆ.

ಈ ಹಿಡಿತ ಅತ್ಯಂತ ಸ್ಪಷ್ಟವಾಗಿ ಕಾಣುವುದು ಕ್ರೆ ಎಂಬ ಕಿಣ್ವದಲ್ಲಿ. ಇದು ನಮ್ಮ ಕರುಳಿನಲ್ಲೂ ವಾಸಿಸುವ ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ತಗಲುವ ಪಿ1 ಎಂಬ ವೈರಾಣುವಿನ ಸ್ವತ್ತು. ಕೇವಲ 343 ಅಮೈನೋ ಆಮ್ಲಗಳ ಈ ಪ್ರೋಟೀನು ಡಿಎನ್‌ಎಯಲ್ಲಿ ಲಾಕ್ಸ್‌ಪಿ ಎಂಬ 34 ಅಕ್ಷರ ಜೋಡಿಗಳ (ಎರಡು ಎಳೆಗಳ ನಡುವೆ ಜೋಡಿಯಾಗಿ ಕೂಡುವ ಎ, ಟಿ, ಜಿ, ಸಿ ಎಂಬ ಘಟಕಗಳೇ ಈ ಅಕ್ಷರಗಳು) ಒಂದು ವಿಳಾಸವನ್ನು ಮಾತ್ರ ಹುಡುಕುತ್ತದೆ. ಆ ವಿಳಾಸದ ಎರಡು ಅಂಚುಗಳಲ್ಲಿ 13 ಅಕ್ಷರಗಳ ಒಂದೇ ಬರಹ, ಕನ್ನಡಿಯಲ್ಲಿ ಕಂಡಂತೆ ಎದುರುಬದುರಾಗಿ ನಿಂತಿರುತ್ತದೆ. ಒಂದೊಂದು ಅಂಚಿನ ಮೇಲೆ ಒಂದೊಂದು ಕ್ರೆ ಅಣು ಕೂರುತ್ತದೆ. ನಡುವಿನ 8 ಅಕ್ಷರಗಳಿಗೆ ಒಂದು ದಿಕ್ಕಿರುವುದರಿಂದ ಇಡೀ ವಿಳಾಸಕ್ಕೂ ದಿಕ್ಕು ಬರುತ್ತದೆ. ಇಂತಹ ಎರಡು ವಿಳಾಸಗಳು ಹತ್ತಿರ ಬಂದಾಗ ನಾಲ್ಕು ಕ್ರೆ ಅಣುಗಳು ವೃತ್ತಾಕಾರದಲ್ಲಿ ಜೋಡಿಸಿಕೊಂಡು, ಪ್ರತಿಯೊಂದೂ ತನ್ನ ಬಾಲದ ಸುರುಳಿಯನ್ನು ಪಕ್ಕದ ಅಣುವಿನೊಳಗೆ ತೂರಿಸಿ, ಒಂದು ಗಟ್ಟಿಯಾದ ಉಂಗುರವಾಗುತ್ತವೆ. 1997ರಲ್ಲಿ ಹರಳುಗಟ್ಟಿಸಿ ಕ್ಷ-ಕಿರಣದಿಂದ ನೋಡಿದಾಗ ಕಂಡ ದೃಶ್ಯವಿದು.

ಆ ಉಂಗುರದೊಳಗೆ ಕತ್ತರಿಸುವ ಕೆಲಸವನ್ನು ಮಾಡುವುದು 324ನೆಯ ಸ್ಥಾನದಲ್ಲಿರುವ ಟೈರೋಸಿನ್ ಎಂಬ ಅಮೈನೋ ಆಮ್ಲ. ಅದು ನೀರಿಗೆ ಅವಕಾಶ ಕೊಡದೆ ತಾನೇ ಫಾಸ್ಫೇಟಿನ ಮೇಲೆರಗಿ ಕೊಂಡಿಯನ್ನು ಕಳಚಿ, ಕಳಚಿದ ತುದಿಯನ್ನು ತನಗೇ ಬೆಸೆದುಕೊಳ್ಳುತ್ತದೆ. ಡಿಎನ್‌ಎಯ ಬಂಧ ಹೋಗಿ ಅದರ ಜಾಗದಲ್ಲಿ ಡಿಎನ್‌ಎಗೂ ಕಿಣ್ವಕ್ಕೂ ನಡುವೆ ಅಷ್ಟೇ ಶಕ್ತಿಯ ಇನ್ನೊಂದು ಬಂಧ ಏರ್ಪಟ್ಟಿತು. ಜಮಾ ಖರ್ಚು ಸರಿಹೋಯಿತು. ಎದುರಿನ ಡಿಎನ್‌ಎಯಲ್ಲೂ ಇದೇ ಕೆಲಸ ನಡೆದಿರುವುದರಿಂದ, ಬಿಡುವಾದ ಎರಡು ತುದಿಗಳು ಪರಸ್ಪರ ಅತ್ತಿತ್ತ ದಾಟಿ, ಎದುರಿನ ಟೈರೋಸಿನ್ ಹಿಡಿದಿರುವ ತುದಿಯ ಮೇಲೆರಗಿ, ಅದನ್ನು ಬಿಡಿಸಿಕೊಂಡು ತಾವು ಬೆಸೆದುಕೊಳ್ಳುತ್ತವೆ. ಎಟಿಪಿಯಂತಹ ಹೊರಗಿನ ಇಂಧನ ಇಲ್ಲಿ ಬೇಕೇ ಇಲ್ಲ. ಒಂದು ಹೊತ್ತಿನಲ್ಲಿ ನಾಲ್ಕರಲ್ಲಿ ಎರಡು ಅಣುಗಳು ಮಾತ್ರ ಚುರುಕಾಗಿರುತ್ತವೆ ಎಂಬುದು ಈ ಏರ್ಪಾಟಿನ ಮುಖ್ಯ ಎಚ್ಚರಿಕೆ. ಹೀಗಾಗಿ ಡಿಎನ್‌ಎಯ ಎರಡೂ ಎಳೆಗಳು ಒಟ್ಟಿಗೆ ತುಂಡಾಗುವ ಕ್ಷಣ ಬರುವುದೇ ಇಲ್ಲ. ಮೊದಲ ಸುತ್ತು ಮುಗಿದಾಗ ನಾಲ್ಕು ತೋಳುಗಳು ಒಂದೆಡೆ ಕೂಡುವ ಚೌಕದಂತಹ ರಚನೆ ಉಳಿಯುತ್ತದೆ. ರಾಬಿನ್ ಹಾಲಿಡೇ 1964ರಲ್ಲಿ ಊಹಿಸಿದ್ದ ಈ ರಚನೆಗೆ ಅವರದೇ ಹೆಸರಿದೆ. ಬಳಿಕ ಉಂಗುರ ಕೊಂಚ ವಾಲಿ, ಸುಮ್ಮನಿದ್ದ ಎರಡು ಅಣುಗಳ ಸರದಿ ಬರುತ್ತದೆ.

ಲಾಕ್ಸ್‌ಪಿಗಳೆರಡೂ ಒಂದೇ ದಿಕ್ಕಿಗಿದ್ದರೆ ನಡುವಿನ ಡಿಎನ್‌ಎ ಉಂಗುರವಾಗಿ ಹೊರಬೀಳುತ್ತದೆ, ಎದುರುಬದುರಾಗಿದ್ದರೆ ತಿರುಗಮುರುಗವಾಗುತ್ತದೆ. ಇಲಿಯ ಒಂದು ಜೀನನ್ನು ಯಕೃತ್ತಿನಲ್ಲಿ ಮಾತ್ರ, ಅಥವಾ ಮಿದುಳಿನ ಒಂದು ಬಗೆಯ ಕೋಶಗಳಲ್ಲಿ ಮಾತ್ರ ತೆಗೆದುಹಾಕಿ ನೋಡುವ ಪ್ರಯೋಗಗಳು ಬಹುಮಟ್ಟಿಗೆ ಈ ವೈರಾಣುವಿನ ಕಿಣ್ವವನ್ನೇ ನೆಚ್ಚಿಕೊಂಡಿವೆ.

ಟೈರೋಸಿನ್ ಬದಲು ಸೆರಿನ್ ಬಳಸುವ ಇನ್ನೊಂದು ಕುಟುಂಬದ ಧೈರ್ಯ ಬೇರೆ ಬಗೆಯದು. ಅದರ ನಾಲ್ಕು ಅಣುಗಳು ನಾಲ್ಕೂ ಎಳೆಗಳನ್ನು ಒಟ್ಟಿಗೇ ಕತ್ತರಿಸಿಬಿಡುತ್ತವೆ. ಆಮೇಲೆ ಕಿಣ್ವದ ಅರ್ಧಭಾಗವು ತಾನು ಹಿಡಿದಿರುವ ಡಿಎನ್‌ಎ ತುದಿಗಳ ಸಮೇತ ಇನ್ನರ್ಧದ ಮೇಲೆ 180 ಡಿಗ್ರಿ ತಿರುಗುತ್ತದೆ. ಇಂತಹದ್ದು ನಡೆಯುತ್ತದೆಂದು ಮೊದಲು ಓದಿದಾಗ ಬರೆದವರು ಉತ್ಪ್ರೇಕ್ಷಿಸಿದ್ದಾರೆಂದೇ ನಾನು ತಿಳಿದಿದ್ದೆ. ಆದರೆ ಯೇಲ್ ವಿಶ್ವವಿದ್ಯಾಲಯದವರು 2005ರಲ್ಲಿ ಪ್ರಕಟಿಸಿದ ರಚನೆಯಲ್ಲಿ ಎರಡು ಅರ್ಧಗಳ ನಡುವಿನ ಮೇಲ್ಮೈ ಚಪ್ಪಟೆಯಾಗಿ, ನುಣುಪಾಗಿ, ಬೀಸುಕಲ್ಲಿನ ಎರಡು ಹೋಳುಗಳು ತಿರುಗಲು ಅನುವಾಗಿರುವಂತೆಯೇ ಇತ್ತು.

ಕ್ರೆ ಮತ್ತು ಅದರ ಬಂಧುಗಳಿಗೆ ವಿಳಾಸ ಮೊದಲೇ ಗೊತ್ತು. ವಿಕಿರಣದಿಂದಲೋ ಬೇರೆ ಹಾನಿಯಿಂದಲೋ ಡಿಎನ್‌ಎ ಎಲ್ಲೆಂದರಲ್ಲಿ ತುಂಡಾದರೆ, ಅದೇ ಬರಹವಿರುವ ಇನ್ನೊಂದು ಪ್ರತಿಯನ್ನು ಹುಡುಕಿ, ಅದನ್ನು ನೋಡಿ ತಿದ್ದಬೇಕಾಗುತ್ತದೆ. ಇ. ಕೋಲಿಯಲ್ಲಿ ಇದು ಸುಮಾರು 46 ಲಕ್ಷ ಅಕ್ಷರ ಜೋಡಿಗಳ ನಡುವಿನ ಹುಡುಕಾಟ. ಅದನ್ನು ನಡೆಸುವ ರೆಕ್‌ಎ ಪ್ರೋಟೀನಿನ ಜೀನು ಗುರುತಿಗೆ ಬಂದದ್ದು 1965ರಲ್ಲಿ, ಪುನಃಸಂಯೋಜನೆ ಮಾಡಲಾಗದ ಬ್ಯಾಕ್ಟೀರಿಯಾ ತಳಿಗಳನ್ನು ಆಲ್ವಿನ್ ಕ್ಲಾರ್ಕ್ ಮತ್ತು ಆ್ಯನ್ ಡೀ ಮಾರ್ಗುಲೀಸ್ ಬೇರ್ಪಡಿಸಿದಾಗ. ರೆಕ್‌ಎ ಇಲ್ಲದ ತಳಿಗಳು ನೇರಳಾತೀತ ಬೆಳಕನ್ನು ತಾಳಲಾರವು.

ರೆಕ್‌ಎ ಒಂಟಿಯಾಗಿ ದುಡಿಯುವುದಿಲ್ಲ. ಅದರ ಅಣುಗಳು ಒಂದರ ಹಿಂದೊಂದು ಸೇರಿ ಒಂಟಿ ಎಳೆಯ ಡಿಎನ್‌ಎಯನ್ನು ಸುರುಳಿಯಾಗಿ ಸುತ್ತುತ್ತವೆ. ಒಂದೊಂದು ಅಣು ಮೂರು ಅಕ್ಷರಗಳನ್ನು ಹಿಡಿಯುತ್ತದೆ, ಒಂದು ಸುತ್ತಿಗೆ ಆರು ಅಣುಗಳು. ಹಾಗೆ ಸುತ್ತಿದಾಗ ಡಿಎನ್‌ಎ ತನ್ನ ಸಹಜ ಉದ್ದದ ಒಂದೂವರೆ ಪಟ್ಟು ಹಿಗ್ಗುತ್ತದೆಂಬುದು ಮೊದಲೇ ತಿಳಿದಿತ್ತು. ಆದರೆ ಈ ಹಿಗ್ಗು ಎಲ್ಲೆಡೆ ಸಮನಾಗಿಲ್ಲವೆಂಬುದು 2008ರಲ್ಲಿ ನ್ಯೂಯಾರ್ಕಿನ ನಿಕೋಲಾ ಪಾವ್ಲೆಟಿಚ್ ಅವರ ತಂಡ ಕಂಡ ರಚನೆಯಿಂದ ಬೆಳಕಿಗೆ ಬಂತು. ಮೂರು ಮೂರು ಅಕ್ಷರಗಳು ಮಾಮೂಲಿನಂತೆ ಒತ್ತಾಗಿ ಕುಳಿತಿರುತ್ತವೆ. ಹಿಗ್ಗೆಲ್ಲವೂ ಒಂದು ಮೂರಕ್ಕೂ ಇನ್ನೊಂದು ಮೂರಕ್ಕೂ ನಡುವಿನ ತೆರಪಿನಲ್ಲಿದೆ. ಇದರ ಜಾಣ್ಮೆಯನ್ನು ಹೀಗೆ ಅರ್ಥಮಾಡಿಕೊಳ್ಳಬಹುದು: ಹೊರಗಿನ ಜೋಡಿ ಎಳೆಯೊಂದನ್ನು ತಂದು ಹೋಲಿಸುವಾಗ ಮೂರು ಅಕ್ಷರಗಳು ಸರಿಹೊಂದಿದರೆ ಅವು ಹಾಯಾಗಿ ಕೂರುತ್ತವೆ, ಒಂದು ತಪ್ಪಿದರೂ ಆ ಗುಂಪು ಅಲ್ಲಿ ನಿಲ್ಲುವುದು ಕಷ್ಟ. ಬೇಗ ಒಪ್ಪಿ ಬೇಗ ತಳ್ಳಿಹಾಕುವ ಈ ಗುಣವಿಲ್ಲದಿದ್ದರೆ ಹುಡುಕಾಟ ಮುಗಿಯುವುದೇ ಇಲ್ಲ. ಎಟಿಪಿ ಇಲ್ಲಿ ಬೇಕು, ಆದರೆ ಎಳೆ ಬದಲಿಸಲು ಅದು ರೆಕ್‌ಎಗೆ ಅಂಟಿಕೊಂಡರೆ ಸಾಕು. ಅದನ್ನು ಒಡೆಯುವುದು ಮುಖ್ಯವಾಗಿ ಕೆಲಸ ಮುಗಿದ ಮೇಲೆ ಹಿಡಿತ ಸಡಿಲಿಸಲು.

ಕ್ಷಯರೋಗದ ಬ್ಯಾಕ್ಟೀರಿಯಾದ ರೆಕ್‌ಎ ರಚನೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಎಂ. ವಿಜಯನ್ ಮತ್ತು ಕೆ. ಮುನಿಯಪ್ಪ ಅವರ ತಂಡಗಳಿಂದ 2000ರಲ್ಲಿ ಹೊರಬಂತು. ಇ. ಕೋಲಿಯದಕ್ಕೆ ಹೋಲಿಸಿದರೆ ಎಟಿಪಿ ಕೂರುವ ಗೂಡು ಇದರಲ್ಲಿ ತುಸು ದೊಡ್ಡದು, ಹಿಡಿತವೂ ಅಷ್ಟು ಸಡಿಲ. ಈ ಪ್ರೋಟೀನಿಗೆ ಇನ್ನೊಂದು ವಿಚಿತ್ರವಿದೆ: ತಯಾರಾಗುವಾಗ ಅದರ ನಡುವೆ 440 ಅಮೈನೋ ಆಮ್ಲಗಳ ಬೇರೊಂದು ಪ್ರೋಟೀನು ಸೇರಿಕೊಂಡಿರುತ್ತದೆ. ಆ ನಡುವಿನ ತುಂಡು ತನ್ನನ್ನು ತಾನೇ ಬಿಡಿಸಿಕೊಂಡು ಎರಡು ಬದಿಗಳನ್ನು ಬೆಸೆದು ಹೋದ ಮೇಲೆಯೇ ರೆಕ್‌ಎ ಕೆಲಸಕ್ಕೆ ಬರುತ್ತದೆ.

ನಮ್ಮ ಕೋಶಗಳಲ್ಲಿ ಈ ಪಾತ್ರ ರಾಡ್51 ಎಂಬ ಪ್ರೋಟೀನಿನದು. ಅದನ್ನು ಗಾಯದ ಜಾಗಕ್ಕೆ ಕರೆತರುವ ಬಿಆರ್‌ಸಿಎ2 ಅದಕ್ಕಿಂತ ಹತ್ತು ಪಟ್ಟು ದೊಡ್ಡದು, 3,418 ಅಮೈನೋ ಆಮ್ಲಗಳದ್ದು. ಒಂದು ರಾಡ್51 ತನ್ನ ನೆರೆಯ ರಾಡ್51ನ್ನು ಹಿಡಿಯುವ ಜಾಗವನ್ನೇ ಬಿಆರ್‌ಸಿಎ2 ಅನುಕರಿಸಿ ಹಿಡಿಯುತ್ತದೆಂದು 2002ರ ರಚನೆಯೊಂದು ತೋರಿಸಿತು. ಈ ಜೀನಿನಲ್ಲಿ ದೋಷವಿರುವ ಮಹಿಳೆಯರಿಗೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿನ ಅಪಾಯ ಹೆಚ್ಚುವುದಕ್ಕೆ ಕಾರಣ, ತುಂಡಾದ ಡಿಎನ್‌ಎ ಪ್ರತಿ ನೋಡಿ ತಿದ್ದುವ ದಾರಿ ತಪ್ಪಿ ಒರಟು ದುರಸ್ತಿಗೆ ಸಿಕ್ಕುವುದು.

ಪುಸ್ತಕದ ಚಿತ್ರದಲ್ಲಿರುವ ಅಡ್ಡಹಾಯುವಿಕೆಗೂ ಮೊದಲು ಡಿಎನ್‌ಎ ತುಂಡಾಗಲೇಬೇಕು, ಅದೂ ಎರಡೂ ಎಳೆಗಳಲ್ಲಿ. ಅಂಡಾಣು ಮತ್ತು ವೀರ್ಯಾಣುಗಳನ್ನು ರೂಪಿಸುವ ಕೋಶಗಳು ಈ ಅಪಾಯವನ್ನು ತಾವಾಗಿಯೇ ಬರಮಾಡಿಕೊಳ್ಳುತ್ತವೆ. ಕತ್ತರಿಸುವ ಕಿಣ್ವ ಸ್ಪೋ11 ಎಂದು ಯೀಸ್ಟಿನಲ್ಲಿ ಸ್ಕಾಟ್ ಕೀನಿ ಮತ್ತು ಸಂಗಡಿಗರು 1997ರಲ್ಲಿ ಗುರುತಿಸಿದರು. ಅದೂ ಕ್ರೆಯಂತೆ ಟೈರೋಸಿನ್ನಿನಿಂದಲೇ ಕತ್ತರಿಸಿ ತುದಿಗೆ ಅಂಟಿಕೊಳ್ಳುತ್ತದೆ. ಕ್ರೆಯ ಕೆಲಸದಲ್ಲಿ ಈ ಹಿಡಿತ ಮರುಬೆಸುಗೆಯೊಂದಿಗೆ ಬಿಟ್ಟುಹೋಗುತ್ತದೆ. ಸ್ಪೋ11 ಬೆಸೆಯುವುದೂ ಇಲ್ಲ, ಬಿಡುವುದೂ ಇಲ್ಲ. ಕೊನೆಗೆ ಬೇರೆ ಕಿಣ್ವಗಳು ಅದು ಕಚ್ಚಿಕೊಂಡಿರುವ ಎಳೆಯನ್ನು ಸ್ವಲ್ಪ ಹಿಂದಕ್ಕೆ ಕತ್ತರಿಸಿ, ಡಿಎನ್‌ಎಯ ಒಂದು ಮೋಟು ತುಂಡಿನ ಸಮೇತ ಅದನ್ನು ಕಿತ್ತುಹಾಕಬೇಕಾಗುತ್ತದೆ, ಆಮೇಲಷ್ಟೇ ರಾಡ್51 ಮತ್ತು ಅದರ ಸೋದರ ಪ್ರೋಟೀನು ಡಿಎಂಸಿ1 ಆ ತುದಿಗಳ ಮೇಲೆ ಕೂರುತ್ತವೆ. ಈ ಮೋಟು ತುಂಡುಗಳನ್ನು ಆರಿಸಿ ಅವುಗಳ ಅಕ್ಷರಗಳನ್ನು ಓದಿದ ಸಂಶೋಧಕರು, ಯೀಸ್ಟಿನ ವರ್ಣತಂತುಗಳಲ್ಲಿ ಯಾವ ಯಾವ ಜಾಗದಲ್ಲಿ ಕತ್ತರಿ ಬಿದ್ದಿತ್ತೆಂಬ ನಕ್ಷೆಯನ್ನು 2011ರಲ್ಲಿ ಬಿಡಿಸಿದರು.