ಕೋಸ್ಟರ್ ಹಾಕಲು ಹೋದರೆ ಬಟ್ಟಲಾಗುತ್ತಿದೆ, ನನ್ನ ಕೈ ಬಿಗಿಯಾ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಫೋಟೋ ಬೇರೆ, ಬಣ್ಣ ಬೇರೆ, ಕಥೆ ಮಾತ್ರ ಅದೇ. ಕೊಕ್ಕೆ ಕಡ್ಡಿಯಿಂದ ನೂಲು ಹೆಣೆದು ಮಾಡುವ, ಲೋಟದ ಅಡಿಗೆ ಇಡುವ ದುಂಡನೆಯ ಕ್ರೋಶಾ ಕೋಸ್ಟರ್ ಎರಡು ಸುತ್ತು ಚೆಂದವಾಗಿ ಮಲಗಿದ್ದು, ನಾಲ್ಕನೇ ಸುತ್ತಿಗೆ ಅಂಚು ಎತ್ತಿಕೊಂಡು ಕೂತಿರುತ್ತದೆ. ಕೆಳಗೆ ಒಂದು ಸಾಲು: “ನನ್ನ ಕೈ ಬಿಗಿ ಅಂತ ಎಲ್ಲರೂ ಹೇಳ್ತಾರೆ, ಏನು ಮಾಡಲಿ?”

ಏನೂ ಮಾಡಬೇಡಿ. ಕೈ ಹೇಗಿದೆಯೋ ಹಾಗೇ ಇರಲಿ. ಕಂಬ ಎಣಿಸಿ.

ಸೀರೆಗೆ ಕುಚ್ಚು ಹಾಕುವವರಿಗೆ ಕಂಬ ಅಂದರೆ ಏನು ಅಂತ ಹೇಳಬೇಕಿಲ್ಲ. ಕಡ್ಡಿಗೆ ಒಂದು ಸಲ ನೂಲು ಸುತ್ತಿಕೊಂಡು ಹಾಕುವ ಡಬಲ್ ಕ್ರೋಶಾ. ಮೊದಲ ಸುತ್ತಿಗೆ 12 ಕಂಬ, ಎರಡನೆಯದಕ್ಕೆ 24, ಮೂರಕ್ಕೆ 36, ನಾಲ್ಕಕ್ಕೆ 48. ಎರಡನೇ ಸುತ್ತಿನಲ್ಲಿ ಪ್ರತಿ ಕಂಬದ ತಲೆ ಮೇಲೂ ಎರಡೆರಡು. ಮೂರನೆಯದರಲ್ಲಿ ಒಂದರ ಮೇಲೆ ಒಂದು, ಪಕ್ಕದ್ದರ ಮೇಲೆ ಎರಡು. ನಾಲ್ಕನೆಯದರಲ್ಲಿ ಒಂದು, ಒಂದು, ಎರಡು. ಸ್ವಲ್ಪ ದಪ್ಪನೆಯ ಹತ್ತಿ ನೂಲು, 3.5 ಮಿ.ಮೀ. ಕಡ್ಡಿ ಇದ್ದರೆ ಇಷ್ಟಕ್ಕೇ ಸುಮಾರು 10 ಸೆಂ.ಮೀ. ಅಗಲ ಬರುತ್ತದೆ. ಲೋಟ ಆರಾಮಾಗಿ ಕೂರುತ್ತದೆ. ಉಲ್ಲನ್ ಅಂತ ಮಾರುವ ಅಕ್ರಿಲಿಕ್ ಬೇಡ. ಅದು ನೀರು ಹೀರುವುದಿಲ್ಲ, ತುಂಬಾ ಬಿಸಿ ಪಾತ್ರೆ ಇಟ್ಟರೆ ಕರಗಲೂಬಹುದು.

ಈಗ ಆ ಬಿಗಿ ಕೈ ವಿಚಾರಕ್ಕೆ ಬರೋಣ. ಈ ಮಾತನ್ನು ಯಾರು ಶುರು ಮಾಡಿದರೋ, ಅತ್ತೆಯಿಂದ ಸೊಸೆಗೆ ಸಾಗಿ ಬಂದಿದೆ. ಕೈ ಬಿಗಿಯಾದರೆ ಏನಾಗುತ್ತದೆ? ಕಂಬ ಗಿಡ್ಡವಾಗುತ್ತದೆ. ಜೊತೆಗೆ ಸಪೂರವೂ ಆಗುತ್ತದೆ. ಎರಡೂ ಕಡೆ ಕುಗ್ಗಿದರೆ ಇಡೀ ಕೋಸ್ಟರ್ ಚಿಕ್ಕದಾಗುತ್ತದೆ, ಗಟ್ಟಿಯಾಗುತ್ತದೆ. ಬಟ್ಟಲಾಗುವುದು ಯಾಕೆ? ನಂಬಿಕೆ ಬರದಿದ್ದರೆ ಒಂದೇ ಉಂಡೆಯ ನೂಲಿನಲ್ಲಿ 2.5 ಮಿ.ಮೀ. ಕಡ್ಡಿಯಿಂದ ಒಂದು, 4 ಮಿ.ಮೀ. ಕಡ್ಡಿಯಿಂದ ಇನ್ನೊಂದು ಹಾಕಿ ನೋಡಿ. ಎರಡರಲ್ಲೂ 12, 24, 36, 48 ಸರಿಯಾಗಿರಲಿ. ಒಂದು ರಟ್ಟಿನ ಹಾಗೆ ಬಿಗಿಯಾಗಿರುತ್ತದೆ, ಇನ್ನೊಂದು ಜಾಳು ಜಾಳಾಗಿರುತ್ತದೆ. ಮೇಜಿನ ಮೇಲೆ ಎರಡೂ ಮಲಗುತ್ತವೆ.

ಅಸಲು ವಿಷಯ ಇರುವುದು ಬಳೆಯಲ್ಲಿ. ಕಾಗದದ ಮೇಲೆ ಬಳೆ ಇಟ್ಟು ಗೆರೆ ಎಳೆಯಿರಿ. ಅದರ ಸುತ್ತ 1 ಸೆಂ.ಮೀ. ಬಿಟ್ಟು ಇನ್ನೊಂದು ವೃತ್ತ ಬರೆಯಿರಿ. ಹೊರಗಿನ ಗೆರೆ ಒಳಗಿನದಕ್ಕಿಂತ 6.28 ಸೆಂ.ಮೀ. ಉದ್ದ. ಬಳೆ ಬದಲು ಎತ್ತಿನ ಗಾಡಿಯ ಚಕ್ರ ಇಟ್ಟು ಇದೇ ಕೆಲಸ ಮಾಡಿದರೆ? ಆಗಲೂ ಅದೇ 6.28. ವೃತ್ತ ಚಿಕ್ಕದೋ ದೊಡ್ಡದೋ, ಒಂದೇ ಅಳತೆಯಷ್ಟು ಆಚೆಗೆ ಹೋದರೆ ಸುತ್ತಳತೆ ಬೆಳೆಯುವುದು ಒಂದೇ ಪ್ರಮಾಣದಲ್ಲಿ. ಶಾಲೆಯಲ್ಲಿ ಪೈ ಬಂದಾಗ ನಿದ್ದೆ ಮಾಡಿದವರು ಈಗ ಕ್ರೋಶಾ ಕಡ್ಡಿ ಹಿಡಿದು ಕಲಿಯಬೇಕು, ಇನ್ನೇನು ಮಾಡೋದು.

ಕೋಸ್ಟರ್‌ನ ಪ್ರತಿ ಸುತ್ತೂ ಒಂದು ಹೊಲಿಗೆಯ ಎತ್ತರದಷ್ಟು ಆಚೆಗೆ ಹೋಗುತ್ತದೆ. ಹಾಗೆ ಬೆಳೆದ ಸುತ್ತಳತೆ ತುಂಬುವಷ್ಟು ಹೊಲಿಗೆ ಸೇರಿಸದಿದ್ದರೆ ಅಂಚು ಸಾಲದೆ ಮೇಲೇಳುತ್ತದೆ. ಕಡ್ಡಿಗೆ ನೂಲು ಸುತ್ತಿಕೊಳ್ಳದೆ ಹಾಕುವ ಸಿಂಗಲ್ ಕ್ರೋಶಾ ಎತ್ತರವೂ ಅಗಲವೂ ಹೆಚ್ಚು ಕಡಿಮೆ ಸಮ. ಅದಕ್ಕೇ ಪ್ರತಿ ಸುತ್ತಿಗೆ 6 ಸೇರಿಸಿದರೆ ಸಾಕು. ಕಂಬ ಅಗಲದ ಎರಡರಷ್ಟು ಎತ್ತರ, ಹಾಗಾಗಿ 12. ನೀವು ಬಿಗಿ ಹಿಡಿದರೂ ಸಡಿಲ ಬಿಟ್ಟರೂ ಈ ಲೆಕ್ಕ ಸಾಮಾನ್ಯವಾಗಿ ಕೆಡುವುದಿಲ್ಲ. ಕೆಲವರು ಮೊದಲ ಕುಣಿಕೆಯನ್ನು ಜಾಸ್ತಿ ಮೇಲಕ್ಕೆ ಎಳೆದು ಕಂಬವನ್ನು ಕೊಕ್ಕರೆ ಕಾಲು ಮಾಡುತ್ತಾರೆ. ಅಂಥವರಿಗೆ 13 ಬೇಕಾಗಬಹುದು, ಒಪ್ಪುತ್ತೇನೆ. ಆದರೆ ನನಗೆ ಬರುವ ಬಟ್ಟಲುಗಳ ಕೊನೇ ಸುತ್ತು ಎಣಿಸಿದರೆ 40, 41 ಇರುತ್ತದೆ. ಕೈ ಬಿಗಿಯಾಗಿರುವುದು ನೂಲು ಎಳೆಯುವುದರಲ್ಲಿ ಅಲ್ಲ, ಕಂಬ ಕೊಡುವುದರಲ್ಲಿ!

ಆ ಏಳೆಂಟು ಕಂಬ ಎಲ್ಲಿ ಹೋದವು? ಸುತ್ತು ಶುರುವಾಗುವ ಮತ್ತು ಮುಗಿಯುವ ಜಾಗದಲ್ಲಿ ಹುಡುಕಿ. ಶುರುವಿನ ಮೂರು ಚೈನ್, ಅಂದರೆ ಸರಪಳಿ ಕುಣಿಕೆ, ಕೂಡ ಒಂದು ಕಂಬವೇ. ಅದರ ಬುಡದಲ್ಲಿ ಇನ್ನೊಂದು ಹಾಕಬೇಕಿದ್ದಾಗ ಎಷ್ಟೋ ಜನ ಸುಮ್ನೆ ಮುಂದಕ್ಕೆ ಹೋಗಿಬಿಡುತ್ತಾರೆ. ಇನ್ನು ಕೊನೆಯ ಕಂಬ, ಸುತ್ತು ಕೂಡಿಸುವ ಸ್ಲಿಪ್ ಸ್ಟಿಚ್ಚಿನ ಗಂಟಿಗೆ ಅಂಟಿಕೊಂಡು ಅಡಗಿರುತ್ತದೆ. ಬೆರಳಿನಿಂದ ಸ್ವಲ್ಪ ಸರಿಸಿದರೆ ಅದರ ತಲೆ ಕಾಣುತ್ತದೆ. ಪ್ರತಿ ಸುತ್ತಿನ ಮೊದಲ ಕಂಬಕ್ಕೆ ಬೇರೆ ಬಣ್ಣದ ದಾರದ ತುಂಡು ಸಿಕ್ಕಿಸಿ ಅಂದರೆ ಕೇಳುವವರು ಯಾರು.

ನಾನೇನು ಹುಟ್ಟುತ್ತಲೇ ಎಣಿಸಿದವಳಲ್ಲ. ಮೊದಲ ಸೆಟ್ಟಿನ ಆರಕ್ಕೆ ಆರೂ ಬಟ್ಟಲಾದಾಗ ಕೈಯನ್ನೇ ಬೈದುಕೊಂಡು ದಪ್ಪ ಕಡ್ಡಿ ತಂದೆ. ಆರು ದೊಡ್ಡ ಬಟ್ಟಲು ಬಂದವು. ಆಮೇಲೆ ಅನ್ನದ ಗಂಜಿಯಲ್ಲಿ ಅದ್ದಿ, ಇಸ್ತ್ರಿ ಹಾಕಿ, ಹಪ್ಪಳದ ಹಾಗೆ ಮಾಡಿ ನೆಂಟರ ಮುಂದೆ ಇಟ್ಟೆ. ತಣ್ಣನೆ ಪಾನಕದ ಲೋಟ ಬೆವರಿತು, ಗಂಜಿ ನೆನೆಯಿತು, ಲೋಟ ಎತ್ತಿದ ಕೂಡಲೇ ಅಂಚು ನಿಧಾನಕ್ಕೆ ಮೇಲೆದ್ದಿತು. ನೆಂಟರ ಮಗು ಅದನ್ನು ಗೊಂಬೆಯ ತಲೆಗೆ ಹಾಕಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗೆ. ಆದರೆ ಆ ಮಗು ಮಾಡಿದ್ದು ಸರಿಯೇ. ಕೂಸಿಗೆ ಕುಲಾವಿ ಹೆಣೆಯುವುದೂ ಹೀಗೇ, ನೆತ್ತಿಯ ಅಗಲ ಬರುವವರೆಗೆ ಕಂಬ ಹೆಚ್ಚಿಸಿ, ಅಲ್ಲಿಂದ ಮುಂದೆ ಹೆಚ್ಚಿಸುವುದನ್ನು ನಿಲ್ಲಿಸಿಬಿಡುವುದು.

ಇನ್ನೊಂದು ಎಚ್ಚರ. ಇಂಗ್ಲಿಷ್ ಪುಸ್ತಕ ನೋಡಿ ಹಾಕುವವರು ಅದು ಬ್ರಿಟಿಷರದೋ ಅಮೆರಿಕದವರದೋ ನೋಡಿಕೊಳ್ಳಿ. ಬ್ರಿಟಿಷರು ಡಬಲ್ ಅನ್ನುವುದು ಅಮೆರಿಕದವರ ಸಿಂಗಲ್. ಬ್ರಿಟಿಷ್ ಮಾದರಿಯ “6 ಡಬಲ್” ಓದಿ 6 ಕಂಬ ಹಾಕಿದರೆ ಬಟ್ಟಲು ಖಾತ್ರಿ.

ಯಾರೂ ಕೇಳದ ಪ್ರಶ್ನೆ ಒಂದಿದೆ, ನಾನೇ ಕೇಳಿಕೊಳ್ಳುತ್ತೇನೆ. ಕಂಬ ಜಾಸ್ತಿಯಾದರೆ? 12, 24 ಆದಮೇಲೆ 36ರ ಬದಲು 48 ಹಾಕಿ, ಮುಂದೆ 96 ಹಾಕಿ. ಅಂಚಿಗೆ ಕೂರಲು ಜಾಗ ಸಾಲದೆ ಕೋಳಿ ಜುಟ್ಟಿನ ಹೂವಿನ ಹಾಗೆ ನೆರಿಗೆ ನೆರಿಗೆಯಾಗಿ ಏಳುತ್ತದೆ. ಇದು ತಪ್ಪು ಅಂತ ಬಿಚ್ಚುವ ಮೊದಲು ಕೇಳಿ. ಗಣಿತದಲ್ಲಿ ಹೈಪರ್ಬಾಲಿಕ್ ಸಮತಲ ಅಂತ ಒಂದಿದೆ, ಎಲ್ಲ ಕಡೆಯೂ ಹೀಗೇ ನೆರಿಗೆಯಾಗಿ ಹರಡುವ ಮೇಲ್ಮೈ. ಕಾಗದದಲ್ಲಿ ಅದರ ಮಾದರಿ ಮಾಡಿದರೆ ಹರಿದುಹೋಗುತ್ತಿತ್ತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ, ಲಾಟ್ವಿಯಾದ ಡೈನಾ ಟೈಮಿನಾ 1997ರಲ್ಲಿ ಅದನ್ನು ಕ್ರೋಶಾದಲ್ಲೇ ಹೆಣೆದು ತೋರಿಸಿದರು. ಉಪಾಯ ಇಷ್ಟೇ: ಎಲ್ಲ ಸುತ್ತಿನಲ್ಲೂ ಒಂದೇ ಅನುಪಾತದಲ್ಲಿ ಹೆಚ್ಚಿಸುತ್ತಾ ಹೋಗುವುದು. ವಿದ್ಯಾರ್ಥಿಗಳು ಆ ನೆರಿಗೆಯನ್ನು ಕೈಯಲ್ಲಿ ಹಿಡಿದು, ಮಡಚಿ, ರೇಖಾಗಣಿತ ಕಲಿತರು.

ನಿಮ್ಮ 96ರ ನೆರಿಗೆಯ ಮೇಲೆ ಲೋಟ ನಿಲ್ಲುವುದಿಲ್ಲ. ನಡುವೆ ಒಂದು ಹಳದಿ ಮಣಿ ಹೊಲಿದು ಬಾಗಿಲ ತೋರಣಕ್ಕೆ ಪೋಣಿಸಿ. ನಮ್ಮ ಮನೆ ತೋರಣದಲ್ಲಿ ಅಂಥವು ಐದಿವೆ, ಎರಡನ್ನು ಮಾತ್ರ ಬೇಕಂತಲೇ ಹಾಕಿದ್ದು.