ನೊರೆ ಬದಲಿಸುವುದು ಸುಲಭ, ಟ್ಯಾಂಕು ತೊಳೆಯುವುದು ಕಷ್ಟ

ನೀರಿನ ಮೇಲ್ಮೈ ಎಳೆತ, ಅಂದರೆ ಮೇಲ್ಮೈಯನ್ನು ಬಿಗಿಹಿಡಿದು ಹರಡಗೊಡದ ಬಲ, ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ವಿಮಾನ ಇಂಧನದ್ದು ಇಪ್ಪತ್ತೈದರ ಆಸುಪಾಸು. ಹೀಗಾಗಿ ಎಣ್ಣೆಗಿಂತ ಭಾರವಾದ ನೀರು ಅದರ ಮೇಲೆ ಹರಡದೆ ತಳಕ್ಕಿಳಿಯುತ್ತದೆ, ಬೆಂಕಿ ಮೇಲೆ ಉರಿಯುತ್ತಲೇ ಇರುತ್ತದೆ. 1960ರ ದಶಕದಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧನಾಲಯವು 3ಎಂ ಕಂಪನಿಯೊಡನೆ ಸೇರಿ ರೂಪಿಸಿದ, ಬೆಂಕಿ ಆರಿಸುವ ನೊರೆ ಈ ತೊಡಕನ್ನು ಬಿಡಿಸಿತು. ಅದರಲ್ಲಿದ್ದ ಫ್ಲೋರಿನ್‌ಯುಕ್ತ ಸಾಬೂನಿನಂಥ ಅಣುಗಳು ನೀರಿನ ಎಳೆತವನ್ನು ಇಪ್ಪತ್ತಕ್ಕೂ ಕೆಳಗೆ ಇಳಿಸಿದವು. ನೊರೆಯಿಂದ ಬಸಿದ ನೀರು ಉರಿಯುವ ಎಣ್ಣೆಯ ಮೇಲೆ ತೆಳುಪೊರೆಯಾಗಿ ತಾನೇ ಹರಡಿ ಆವಿಯನ್ನು ಅದುಮಿಟ್ಟಿತು. ಅದು ನಿಜಕ್ಕೂ ಜಾಣ ಉಪಾಯವಾಗಿತ್ತೆಂಬುದನ್ನು ಒಪ್ಪಿಕೊಳ್ಳಲೇಬೇಕು.

ತೊಂದರೆ ಇದ್ದದ್ದೂ ಆ ಅಣುಗಳಲ್ಲಿಯೇ. ಇಂಗಾಲ ಮತ್ತು ಫ್ಲೋರಿನ್ ನಡುವಿನ ಬಂಧವನ್ನು ಮುರಿಯಬಲ್ಲ ಸೂಕ್ಷ್ಮಜೀವಿಗಳು ನಿಸರ್ಗದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಪಿಎಫ್‌ಎಎಸ್ ಎಂದು ಕರೆಯುವ ಈ ಬಳಗದ ಪಿಎಫ್‌ಒಎಸ್ ಎಂಬ ಸಂಯುಕ್ತವು ಮನುಷ್ಯನ ರಕ್ತದಲ್ಲಿ ಅರ್ಧಕ್ಕಿಳಿಯಲು ವರ್ಷಗಳೇ ಬೇಕು. ಸ್ವೀಡನ್ನಿನ ರೊನ್ನೆಬಿಯಲ್ಲಿ ವಾಯುನೆಲೆಯ ತಾಲೀಮಿನಲ್ಲಿ ದಶಕಗಳ ಕಾಲ ಸುರಿದ ನೊರೆ ಅಂತರ್ಜಲಕ್ಕೆ ಇಳಿದು, 2013ರ ಡಿಸೆಂಬರ್‌ನಲ್ಲಿ ಊರಿನ ಎರಡು ನೀರು ಸರಬರಾಜು ಘಟಕಗಳಲ್ಲಿ ಒಂದನ್ನು ಮುಚ್ಚಬೇಕಾಯಿತು. ರಕ್ತದಲ್ಲಿ ಇವುಗಳ ಪ್ರಮಾಣ ಏರಿರುವುದೇ ದೈಹಿಕ ಹಾನಿ ಎಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2023ರ ಡಿಸೆಂಬರ್‌ನಲ್ಲಿ ತೀರ್ಪಿತ್ತಿತು. ಗಮನಿಸಿ, ಈ ನೊರೆಯಲ್ಲಿ ಬಹುಪಾಲು ಸುರಿದದ್ದು ಅಪಘಾತಕ್ಕಲ್ಲ, ಅಭ್ಯಾಸಕ್ಕೆ.

ಫ್ಲೋರಿನ್ ಇಲ್ಲದ ನೊರೆ ಇಂದು ಹೊಸದೇನಲ್ಲ. ಆಸ್ಟ್ರೇಲಿಯಾದ ವಿಮಾನ ನಿಲ್ದಾಣಗಳ ಅಗ್ನಿಶಾಮಕ ದಳ 2010ರಲ್ಲೇ ಅದರತ್ತ ಹೊರಳಿತು. ಅಮೆರಿಕದಲ್ಲಿ ಮಾತ್ರ ಫ್ಲೋರಿನ್ ನೊರೆಯನ್ನು ಕಡ್ಡಾಯ ಮಾಡಬಾರದೆಂದು 2018ರ ಕಾನೂನು ಹೇಳಿದರೂ, ಹೊಸ ನೊರೆಗೆ ರಕ್ಷಣಾ ಇಲಾಖೆಯ ಮಾನದಂಡ ಹೊರಬರಲು 2023ರ ಜನವರಿಯವರೆಗೆ ಕಾಯಬೇಕಾಯಿತು.

ತಡಕ್ಕೆ ಬರೀ ಉದಾಸೀನವೇ ಕಾರಣವಲ್ಲ. ಹೊಸ ನೊರೆ ತೆಳುಪೊರೆ ಕಟ್ಟುವುದಿಲ್ಲ. ಗುಳ್ಳೆಗಳ ದಪ್ಪ ಹೊದಿಕೆಯೇ ಗಾಳಿಯನ್ನು ತಡೆದು ಆವಿಯನ್ನು ಮುಚ್ಚಿಡಬೇಕು. ಆದ್ದರಿಂದ ಗುಳ್ಳೆ ಸಣ್ಣದಾಗಿ, ಒಂದೇ ಗಾತ್ರದ್ದಾಗಿ, ಬೇಗ ನೀರು ಬಸಿಯದಂತೆ ಇರಬೇಕು. ಕೊಳವೆಯ ಮೂತಿ, ನೀರಿನೊಡನೆ ಬೆರೆಸುವ ಸಾಧನ, ದ್ರಾವಣದ ಮಂದತೆ ಇವೆಲ್ಲ ಒಂದಕ್ಕೊಂದು ಹೊಂದಬೇಕು. ಹಳೆಯ ನೊರೆಯಲ್ಲಿ ಹೊದಿಕೆ ಎಲ್ಲಾದರೂ ಹರಿದರೆ ನೀರಿನ ತೆಳುಪೊರೆ ಅಲ್ಲಿಗೆ ಹರಡಿ ಮುಚ್ಚುತ್ತಿತ್ತು. ಈಗ ಜೋರಾದ ಧಾರೆಯನ್ನು ನೇರ ಎಣ್ಣೆಯೊಳಕ್ಕೆ ನುಗ್ಗಿಸದೆ, ಮೆಲ್ಲನೆ ಇಳಿಯುವಂತೆ ಹಾಸಬೇಕು. ಮದ್ದಿನ ಗುಣದಲ್ಲಿ ಕಳೆದುಕೊಂಡದ್ದನ್ನು ಕೈಚಳಕದಿಂದ ತುಂಬಿಕೊಳ್ಳಬೇಕಾಗಿದೆ ಎಂದರೂ ನಡೆಯುತ್ತದೆ. ಬೇರೆಬೇರೆ ತಯಾರಕರ ನೊರೆಗಳನ್ನು ಒಂದೇ ಟ್ಯಾಂಕಿನಲ್ಲಿ ಬೆರೆಸುವಂತೆಯೂ ಇಲ್ಲ.

ಇದಕ್ಕಿಂತ ಹಟಮಾರಿಯಾದದ್ದು ಹಳೆಯ ಅಗ್ನಿಶಾಮಕ ವಾಹನ. ಫ್ಲೋರಿನ್ ಅಣುಗಳು ಟ್ಯಾಂಕು ಮತ್ತು ಕೊಳವೆಗಳ ಒಳಗೋಡೆಗೆ ಪದರ ಪದರವಾಗಿ ಅಂಟಿಕೊಂಡಿರುತ್ತವೆ. ಮೂರು ಬಾರಿ ನೀರಿನಲ್ಲಿ ತೊಳೆದರೂ ಉಳಿದದ್ದು ಬಿಟ್ಟುಬಂದು ಹೊಸ ನೊರೆಯನ್ನು ಸೇರಿಕೊಳ್ಳುತ್ತದೆ. ಕುಡಿಯುವ ನೀರಿನಲ್ಲಿ ಪಿಎಫ್‌ಒಎಸ್ ಲೀಟರಿಗೆ 4 ನ್ಯಾನೋಗ್ರಾಂ ಮೀರಬಾರದೆಂದು ಅಮೆರಿಕ 2024ರಲ್ಲಿ ಮಿತಿ ಹಾಕಿದೆ, ಆದ್ದರಿಂದ ಈ ಅಲ್ಪ ಉಳಿಕೆಯೂ ಅಲ್ಪವಲ್ಲ. ತೊಳೆದ ನೀರನ್ನು ಚರಂಡಿಗೆ ಬಿಡುವಂತಿಲ್ಲ. ಇದ್ದಿಲಿನಲ್ಲಿ ಸೋಸಿದರೆ ವಿಷ ಇದ್ದಿಲಿಗೆ ವರ್ಗವಾಗುತ್ತದೆ ಅಷ್ಟೆ. ನೀರನ್ನೇ 374 ಡಿಗ್ರಿ ಸೆಲ್ಸಿಯಸ್ಸಿಗಿಂತ ಹೆಚ್ಚು ಕಾಯಿಸಿ, ವಾತಾವರಣದ ಇನ್ನೂರಿಪ್ಪತ್ತು ಪಟ್ಟು ಒತ್ತಡದಲ್ಲಿ ಆಮ್ಲಜನಕ ಕೊಟ್ಟಾಗ ಇಂಗಾಲ ಮತ್ತು ಫ್ಲೋರಿನ್ ನಡುವಿನ ಆ ಬಂಧ ಕಡೆಗೂ ಮುರಿಯುತ್ತದೆ.